ಲೈವ್ ಎಂದು ಮಾರುವವರೇ ಲೈವ್‌ನ ಹೊರೆ ಹೊರಲಿ

ಹೋದ ವರ್ಷ ನಮ್ಮೂರ ಜಾತ್ರೆಯ ನಾಟಕದ 12 ಸೆಕೆಂಡಿನ ಒಂದು ತುಣುಕು ವಾಟ್ಸಾಪ್‌ನಲ್ಲಿ ಓಡಾಡಿತು. ನಿಮ್ಮ ಗ್ರೂಪಿಗೂ ಬಂದಿರಬಹುದು. ನಾಯಕನ ಪಾತ್ರಧಾರಿ ಮೇಲಿನ ಸ್ವರಕ್ಕೆ ಹೋಗುತ್ತಾರೆ, ದನಿ ಒಡೆಯುತ್ತದೆ, ಕೆಮ್ಮುತ್ತಾರೆ. ಅದಕ್ಕೆ ಯಾರೋ ಕತ್ತೆಯ ಕೂಗು ಸೇರಿಸಿದ್ದಾರೆ. ಕೆಳಗೆ ನಗುವ ಮುಖಗಳ ಸಾಲು.

ಆ ನಾಟಕವನ್ನು ಲೈವ್ ಮಾಡಿದವರು ನಾವೇ. ತುಣುಕು ಕತ್ತರಿಸಿದವರು ನಾವಲ್ಲ. ಆದರೆ ಕತ್ತರಿಸಲು ಬಟ್ಟೆ ಕೊಟ್ಟವರು ನಾವು. ಅದಕ್ಕೇ ಈ ಬರಹದಲ್ಲಿ ಮೊದಲ ಏಟು ನಮಗೇ ಬೀಳಲಿ.

ಆ ರಾತ್ರಿ ನಿಜವಾಗಿ ಆದದ್ದು ಇಷ್ಟು. ವೇದಿಕೆಯ ಮೇಲಿಂದ ಇಳಿಬಿಟ್ಟಿದ್ದ ಹಳೆಯ ಮೈಕುಗಳು ನಮ್ಮ ಕ್ಯಾಮೆರಾಕ್ಕೆ ಅಡ್ಡ ಬರುತ್ತಿದ್ದವು. ಅವನ್ನು ತೆಗೆಸಿ, ಪಾತ್ರಧಾರಿಗಳ ಅಂಗಿಗೆ ಸಿಕ್ಕಿಸುವ ಸಣ್ಣ ಮೈಕು ತಂದೆವು. ಎರಡನೇ ಅಂಕದಲ್ಲಿ ನಾಯಕನ ಮೈಕಿನ ಬ್ಯಾಟರಿ ಮುಗಿಯಿತು. ಬದಲಿ ಬ್ಯಾಟರಿ ನಮ್ಮ ಬಳಿ ಇರಲಿಲ್ಲ. ಮೈಕು ಸತ್ತದ್ದು ಗೊತ್ತಾಗುತ್ತಲೇ ಅವರು ಕೊನೆಯ ಸಾಲಿಗೂ ಕೇಳಲಿ ಎಂದು ಗಂಟಲೆತ್ತಿ ಹಾಡಿದರು. ಎರಡು ಹಾಡು ಹೀಗೇ ಎಳೆದರು. ಮೂರನೆಯದರಲ್ಲಿ ದನಿ ಒಡೆಯಿತು. ಪೇಟಿ ಮಾಸ್ತರರು ಅದೇ ಸಾಲನ್ನು ಇನ್ನೊಮ್ಮೆ ನುಡಿಸಿ ಉಸಿರಾಡಲು ಜಾಗ ಕೊಟ್ಟರು. ಅವರು ಮತ್ತೆ ಎತ್ತಿಕೊಂಡು ಹಾಡು ಮುಗಿಸಿದರು. ಮುಂದೆ ಕೂತಿದ್ದ ಜನ ಚಪ್ಪಾಳೆ ತಟ್ಟಿ 'ಒನ್ಸ್ ಮೋರ್' ಎಂದರು. ಆ ಚಪ್ಪಾಳೆ ತುಣುಕಿನಲ್ಲಿ ಇಲ್ಲ.

ಆಮೇಲೆ ಅವರ ಮನೆಗೆ ಹೋದೆವು. ಊರಿನವರಿಗೆಲ್ಲ ಅವರು ಕಾಕಾ. ಮೂವತ್ತು ವರ್ಷದಿಂದ ಜಾತ್ರೆಗೆ ಬಣ್ಣ ಹಚ್ಚಿದವರು. ನಾವು ತಪ್ಪಾಯಿತು ಎಂದೆವು. ಅವರು ಬೈಯಲಿಲ್ಲ. ಒಂದೇ ಮಾತು ಕೇಳಿದರು: "ಹಾಡಾಕ ನಾ ಬೇಕಾದೆ, ಕೇಳಾಕ ನಾ ಬ್ಯಾಡಾದೆನೇನ್ರಪಾ?"

ನಿಜ. ಲೈವ್ ಮಾಡುತ್ತೇವೆ ಎಂದು ನಾಟಕದ ಕಮಿಟಿಗೆ ಹೇಳಿದ್ದೆವು, ಬ್ಯಾನರ್ ಹಾಕಿದ್ದೆವು. ಹಾಡುವವರನ್ನು ಕೇಳಿರಲಿಲ್ಲ.

ದುಡ್ಡಿದ್ದವರು ಹೇಗೆ ಮಾಡುತ್ತಾರೆ?

ನಮ್ಮದು ಬಡ ಪೇಜು, ಸಾಲ ತಂದ ಕ್ಯಾಮೆರಾ, ಅದಕ್ಕೇ ಹೀಗಾಯಿತು ಎಂದು ಮೊದಲು ಸಮಾಧಾನ ಮಾಡಿಕೊಂಡೆವು. ಹಾಗಾದರೆ ಕೋಟಿ ಕೋಟಿ ಸುರಿಯುವ ಟಿವಿಯವರು ಹಾಡಿನ ನಾಟಕವನ್ನು ಲೈವ್ ಹೇಗೆ ತೋರಿಸುತ್ತಾರೆ ಎಂದು ಹುಡುಕಿದೆವು. ಇದರಲ್ಲಿ ದೊಡ್ಡ ಇತಿಹಾಸ ಇರುವುದು ಅಮೆರಿಕದಲ್ಲಿ. ಮಾತು, ಹಾಡು, ಕುಣಿತ ಮೂರೂ ಸೇರಿದ ರಂಗನಾಟಕಕ್ಕೆ ಅಲ್ಲಿ ಮ್ಯೂಸಿಕಲ್ ಎನ್ನುತ್ತಾರೆ. ನಮ್ಮ ಕಂಪನಿ ನಾಟಕದ ದೂರದ ನೆಂಟ ಎಂದುಕೊಳ್ಳಿ.

1955ರ ಮಾರ್ಚ್ 7ರಂದು ಎನ್‌ಬಿಸಿ ಚಾನೆಲ್ 'ಪೀಟರ್ ಪ್ಯಾನ್' ನಾಟಕವನ್ನು ಲೈವ್ ತೋರಿಸಿತು. ಸುಮಾರು ಆರೂವರೆ ಕೋಟಿ ಜನ ನೋಡಿದರು ಎಂಬುದು ಆಗಿನ ಅಂದಾಜು. ಮುಖ್ಯ ಪಾತ್ರದ ಮೇರಿ ಮಾರ್ಟಿನ್ ತಂತಿಗೆ ಕಟ್ಟಿಕೊಂಡು ಗಾಳಿಯಲ್ಲಿ ಹಾರಬೇಕು, ಹಾಡಬೇಕು, ಎಲ್ಲವೂ ಲೈವ್. ಅದು ಹೇಗೆ ಸಾಧ್ಯವಾಯಿತು? ಅದೇ ತಂಡ ಅದೇ ನಾಟಕವನ್ನು ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರದಲ್ಲಿ ತಿಂಗಳುಗಟ್ಟಲೆ ಆಡಿ, ಆಗಷ್ಟೇ ಮುಗಿಸಿತ್ತು. ಆಡಿ ಪಳಗಿದವರ ಮುಂದೆ ಕ್ಯಾಮೆರಾ ಇಟ್ಟರು.

1957ರ ಮಾರ್ಚ್ 31ರಂದು ಸಿಬಿಎಸ್ ಚಾನೆಲ್‌ನಲ್ಲಿ 'ಸಿಂಡ್ರೆಲಾ' ಬಂತು. ಟಿವಿಗೆಂದೇ ಬರೆದ ಮ್ಯೂಸಿಕಲ್ ಅದು. ನಾಯಕಿ ಜೂಲಿ ಆಂಡ್ರೂಸ್, ಆಗ 21 ವರ್ಷ. ನೋಡಿದವರು 10 ಕೋಟಿಗೂ ಹೆಚ್ಚು ಎಂದು ಅಂದಾಜು. ಟಿವಿಗೆ ಬರುವ ಮೊದಲು ಇಡೀ ನಾಟಕವನ್ನು ಎರಡು ಸಲ ಪೂರ್ತಿ ಆಡಿಸಿ ಫಿಲ್ಮಿಗೆ ಹಿಡಿದು ನೋಡಿದರು. ಆ ಎರಡು ತಾಲೀಮಿಗೆ 'ನ್ಯೂ ಹೇವನ್', 'ಬಾಸ್ಟನ್' ಎಂದು ಊರಿನ ಹೆಸರು ಇಟ್ಟಿದ್ದರಂತೆ. ನ್ಯೂಯಾರ್ಕಿಗೆ ಬರುವ ಮೊದಲು ಬೇರೆ ಊರಲ್ಲಿ ಆಡಿ ತಿದ್ದಿಕೊಳ್ಳುವುದು ಅಲ್ಲಿನ ಕಂಪನಿಗಳ ಪದ್ಧತಿ. ಟಿವಿಯವರು ಊರಿಗೆ ಹೋಗದೆಯೇ ಆ ಪದ್ಧತಿ ಪಾಲಿಸಿದರು.

ಅಂದರೆ ಹಳಬರಿಗೆ ಒಂದು ವಿಷಯ ಗೊತ್ತಿತ್ತು. ಲೈವ್ ಎಂಬುದು ಕ್ಯಾಮೆರಾ ಕೆಲಸ ಮಾತ್ರ ಅಲ್ಲ, ಮೊದಲು ಅದು ರಂಗದ ಕೆಲಸ.

ಟಿವಿ ಕೇಳುವುದು ಎಷ್ಟು?

ಆಮೇಲೆ ರೆಕಾರ್ಡಿಂಗ್ ಸುಲಭವಾಯಿತು. ತಪ್ಪಾದರೆ ಮತ್ತೆ ಚಿತ್ರಿಸಬಹುದು. ಲೈವ್ ಮ್ಯೂಸಿಕಲ್ ಹೆಚ್ಚುಕಡಿಮೆ ಮರೆತೇ ಹೋಯಿತು. ಅದನ್ನು ಮತ್ತೆ ತಂದದ್ದು 2013ರ ಡಿಸೆಂಬರ್ 5ರಂದು, ಎನ್‌ಬಿಸಿಯ 'ದಿ ಸೌಂಡ್ ಆಫ್ ಮ್ಯೂಸಿಕ್ ಲೈವ್'. ಸುಮಾರು 90 ಲಕ್ಷ ಡಾಲರ್ ಖರ್ಚು ಎಂದು ಆಗ ಪತ್ರಿಕೆಗಳು ಬರೆದವು. 1 ಕೋಟಿ 80 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಚಾನೆಲ್‌ಗಳಿಗೆ ಆಸೆ ಹತ್ತಿತು. ಕಾರಣ ಸರಳ. ರೆಕಾರ್ಡ್ ಆದದ್ದನ್ನು ಜನ ಬೇಕಾದಾಗ ನೋಡುತ್ತಾರೆ, ಜಾಹೀರಾತು ದಾಟಿಸಿಬಿಡುತ್ತಾರೆ. ಲೈವ್ ಆದರೆ ಆ ಹೊತ್ತಿಗೇ ಕೂರಬೇಕು, ಜಾಹೀರಾತನ್ನೂ ನೋಡಬೇಕು.

ಆ ಸಲ ನಾಯಕಿ ಕ್ಯಾರಿ ಅಂಡರ್‌ವುಡ್. ದೊಡ್ಡ ಗಾಯಕಿ, ಆದರೆ ನಾಟಕದಲ್ಲಿ ಪಳಗಿದವರಲ್ಲ. ಸುತ್ತ ಆಡ್ರಾ ಮೆಕ್‌ಡೊನಾಲ್ಡ್ ಅವರಂಥ ರಂಗದ ಹಿರಿಯರಿದ್ದರು. ಕ್ಯಾರಿಯವರ ಹಾಡಿಗಿಂತ ಅವರು ಮಾತಾಡುವ ರೀತಿಯನ್ನು ಆಡಿಕೊಳ್ಳುವವರೇ ಆ ರಾತ್ರಿ ಟ್ವಿಟರ್‌ನಲ್ಲಿ ತುಂಬಿದ್ದರು. ಯಾರೂ ಚಾನೆಲ್ಲನ್ನು ಕೇಳಲಿಲ್ಲ: ನಾಟಕದ ಅನುಭವವಿಲ್ಲದವರನ್ನು, ಇಷ್ಟು ದೊಡ್ಡ ಪಾತ್ರಕ್ಕೆ, ಒಂದೇ ರಾತ್ರಿಗೆ ನಿಲ್ಲಿಸಿದ್ದು ಯಾರು?

ಅವರ ಮುಂದೆ ಇದ್ದ ಕೆಲಸ ಎಂಥದ್ದು ನೋಡಿ.

ರಂಗದ ಮೇಲೆ ಕೊನೆಯ ಸಾಲಿನ ಅಜ್ಜನಿಗೆ ಕಾಣುವಂತೆ ಕೈ ಎತ್ತಬೇಕು, ದನಿ ಏರಿಸಬೇಕು. ಕ್ಯಾಮೆರಾ ಮುಖದ ಹತ್ತಿರ ಬಂದರೆ ಅದೇ ನಟನೆ ಅತಿಯಾಗಿ ಕಾಣುತ್ತದೆ. ಕಣ್ಣಿನಲ್ಲೇ ಹೇಳಬೇಕು. ಲೈವ್ ಮ್ಯೂಸಿಕಲ್‌ನಲ್ಲಿ ಒಂದೇ ಹಾಡಿನಲ್ಲಿ ಎರಡೂ ಬೇಕು. ದನಿ ರಂಗದ್ದು, ಮುಖ ಸಿನಿಮಾದ್ದು. ಕುಣಿಯುತ್ತ ಹಾಡಬೇಕು, ಏದುಸಿರು ಮೈಕಿಗೆ ಬೀಳಬಾರದು, ನೆಲದ ಗುರುತಿನ ಮೇಲೇ ಕಾಲಿಡಬೇಕು. ಒಂದು ಹೆಜ್ಜೆ ತಪ್ಪಿದರೆ ಕ್ಯಾಮೆರಾದಲ್ಲಿ ಅವರಿಲ್ಲ, ಬರೀ ಗೋಡೆ.

ಎರಡನೆಯದು ಮೌನ. 2013ರ ಆ ನಾಟಕದಲ್ಲಿ ಸ್ಟುಡಿಯೋದೊಳಗೆ ಪ್ರೇಕ್ಷಕರೇ ಇರಲಿಲ್ಲ. ಜೀವ ಸುರಿದು ಹಾಡಿ ಮುಗಿಸಿದರೆ ಚಪ್ಪಾಳೆ ಇಲ್ಲ. ಸುಮ್ಮನೆ ಮುಂದಿನ ಮಾತು, ಇಲ್ಲವೇ ಜಾಹೀರಾತು. ಚಪ್ಪಾಳೆ ನಟನಿಗೆ ಬರೀ ಹೊಗಳಿಕೆಯಲ್ಲ, ಉಸಿರು ತೆಗೆದುಕೊಳ್ಳುವ ಹೊತ್ತು. ನಗೆಮಾತಿಗೆ ಜನ ನಕ್ಕರೆ ಎಷ್ಟು ನಿಲ್ಲಬೇಕು ಎಂಬ ಲೆಕ್ಕ ಸಿಗುತ್ತದೆ. ನಮ್ಮೂರ ಹಾಸ್ಯ ಪಾತ್ರಧಾರಿಯನ್ನು ಖಾಲಿ ಕೋಣೆಯಲ್ಲಿ ನಿಲ್ಲಿಸಿ ನಗಿಸು ಎಂದರೆ ಏನು ಮಾಡಿಯಾರು?

ಮೂರನೆಯದು ಗಡಿಯಾರ. ಜಾತ್ರೆಯ ನಾಟಕದಲ್ಲಿ ಜನ ಒನ್ಸ್ ಮೋರ್ ಎಂದರೆ ಹಾಡು ಮತ್ತೊಮ್ಮೆ. ಹತ್ತು ಗಂಟೆಗೆ ಎಂದದ್ದು ಹನ್ನೊಂದಕ್ಕೆ ಶುರುವಾದರೂ ನಡೆಯುತ್ತದೆ. ಟಿವಿಯಲ್ಲಿ ನಿಮಿಷ ನಿಮಿಷವೂ ಮಾರಿಹೋಗಿರುತ್ತದೆ. ಜಾಹೀರಾತು ಓಡುವ ಎರಡು ಮೂರು ನಿಮಿಷದಲ್ಲಿ ನಟ ಬಟ್ಟೆ ಬದಲಿಸಿ, ಇನ್ನೊಂದು ಸೆಟ್ಟಿಗೆ ಓಡಿ, ಏನೂ ಆಗದವರಂತೆ ನಿಂತಿರಬೇಕು. 2016ರ ಜನವರಿ 31ರ 'ಗ್ರೀಸ್ ಲೈವ್' ನಾಟಕಕ್ಕೆ ಸ್ಟುಡಿಯೋ ಒಳಗೂ ಹೊರಗೂ ಸೆಟ್ಟುಗಳಿದ್ದವು. ನಟರನ್ನು ಸಣ್ಣ ಗಾಡಿಗಳಲ್ಲಿ ಕೂರಿಸಿ ಇಲ್ಲಿಂದಲ್ಲಿಗೆ ಒಯ್ದರು. ಅವತ್ತೇ ಮಳೆ ಗಾಳಿ. ಮೊದಲ ಹಾಡನ್ನು ಕೊಡೆಗಳ ನಡುವೆ ಹಾಡಿದರು.

ನಾಲ್ಕನೆಯದು ಒಂದೇ ಅವಕಾಶ. ಬ್ರಾಡ್‌ವೇ ನಟ ವಾರಕ್ಕೆ ಎಂಟು ಆಟ ಆಡುತ್ತಾನೆ. ಇವತ್ತು ತಪ್ಪಿದ ಸ್ವರವನ್ನು ನಾಳೆ ಸರಿಮಾಡಿಕೊಳ್ಳುತ್ತಾನೆ. ನಮ್ಮ ಬನಶಂಕರಿ ಜಾತ್ರೆಗೆ ಟೆಂಟು ಹಾಕುವ ಕಂಪನಿಗಳ ನಟರೂ ಅಷ್ಟೇ. ದಿನಾ ಆಟ, ವಾರಗಟ್ಟಲೆ ಆಟ. ಟಿವಿಯ ಲೈವ್ ಒಂದೇ ರಾತ್ರಿ. ಆ ರಾತ್ರಿಯದೇ ಶಾಶ್ವತ.

ಕಾಲು ಮುರಿದ ದಿನ

ಈ ಹೊರೆಯೆಲ್ಲ ಯಾರ ಹೆಗಲ ಮೇಲಿದೆ ಎಂಬುದು ಬಯಲಾದದ್ದು 2019ರ ಜನವರಿ 27ರಂದು. ಫಾಕ್ಸ್ ಚಾನೆಲ್ 'ರೆಂಟ್' ನಾಟಕವನ್ನು ಲೈವ್ ಎಂದು ಸಾರಿತ್ತು. ಹಿಂದಿನ ದಿನ, ಶನಿವಾರ, ಗ್ರ್ಯಾಂಡ್ ರಿಹರ್ಸಲ್. ಅದು ಮುಗಿಯುವ ಹೊತ್ತಿಗೆ ಮುಖ್ಯ ಪಾತ್ರದ ಬ್ರೆನಿನ್ ಹಂಟ್ ಅವರ ಪಾದದ ಮೂಳೆ ಮುರಿಯಿತು. ಅವರ ಜಾಗಕ್ಕೆ ನಿಲ್ಲಲು ಪಾತ್ರ ಕಲಿತ ಇನ್ನೊಬ್ಬ ನಟ ಇರಲಿಲ್ಲ. ಯಾವ ಪಾತ್ರಕ್ಕೂ ಬದಲಿ ಇಟ್ಟಿರಲಿಲ್ಲ.

ಆಗ ಏನು ಮಾಡಿದರು? ಶನಿವಾರದ ರಿಹರ್ಸಲ್‌ನ ರೆಕಾರ್ಡಿಂಗನ್ನೇ ಭಾನುವಾರ ಹಾಕಿದರು. ಲೈವ್ ಇದ್ದದ್ದು ಕೊನೆಯ ಭಾಗ ಮಾತ್ರ. ಹಂಟ್ ಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂತೇ ಹಾಡಿದರು. ಹಾಡುವವರು ರಿಹರ್ಸಲ್‌ನಲ್ಲಿ ನಾಳೆಗಿರಲಿ ಎಂದು ಗಂಟಲು ಉಳಿಸಿಕೊಳ್ಳುವುದು ಎಲ್ಲ ಕಡೆ ಇರುವ ರೂಢಿ. ಅಂಥ ರಾತ್ರಿಯ ದನಿಯನ್ನು ಇಡೀ ದೇಶ ಕೇಳಿತು. ನಟರಿಗೆ ಅದು ಮೊದಲೇ ಗೊತ್ತಿರಲಿಲ್ಲ.

ಬ್ರಾಡ್‌ವೇಯಲ್ಲಿ ಇದು ಆಗದ ಮಾತು. ಅಲ್ಲಿ ಮುಖ್ಯ ಪಾತ್ರಗಳಿಗೆ ಬದಲಿ ನಟರಿರುತ್ತಾರೆ, ಹಲವು ಪಾತ್ರ ಕಲಿತು ಯಾವ ಜಾಗಕ್ಕಾದರೂ ಇಳಿಯುವವರೂ ಇರುತ್ತಾರೆ. ಅವರಿಗೂ ಸಂಬಳವಿದೆ. ಟಿವಿಯವರು ರಂಗದಿಂದ ಹಾಡು ತಂದರು, ಕುಣಿತ ತಂದರು, ನಟರನ್ನು ತಂದರು. ಬದಲಿಯವರನ್ನು ಮಾತ್ರ ಬಿಟ್ಟುಬಂದರು. ಜಾಹೀರಾತಿಗೆ ದುಡ್ಡಿತ್ತು, ಒಬ್ಬ ಬದಲಿ ನಟನಿಗೆ ಇರಲಿಲ್ಲ ಎಂದರೆ ನಂಬುವುದು ಹೇಗೆ?

ಇದೇ ರೆಂಟ್ ನಾಟಕದ ಹುಟ್ಟಿನ ಕತೆ ಇನ್ನೂ ದೊಡ್ಡ ಪಾಠ. ಅದನ್ನು ಬರೆದ ಜೊನಾಥನ್ ಲಾರ್ಸನ್ 1996ರ ಜನವರಿ 25ರಂದು ತೀರಿಕೊಂಡರು. ಅವತ್ತು ಸಂಜೆಯೇ ಪ್ರೇಕ್ಷಕರ ಮುಂದೆ ಮೊದಲ ಆಟ ಇತ್ತು. ತಂಡದವರು ಟಿಕೆಟ್ಟಿನ ಆಟ ಬಿಟ್ಟು, ಮನೆಯವರು ಸ್ನೇಹಿತರ ಮುಂದೆ ಕೂತು ಹಾಡುತ್ತೇವೆ ಎಂದು ತೀರ್ಮಾನಿಸಿದರು. ಹಾಡುತ್ತ ಹಾಡುತ್ತ ಕೂರಲಾಗದೆ ಎದ್ದು ಆಡಿದರು. ರಂಗದವರು ಕಷ್ಟದ ದಿನ ಹೇಗೆ ನಡೆದುಕೊಳ್ಳುತ್ತಾರೆ ಎಂಬುದಕ್ಕೆ ಇದು ಉದಾಹರಣೆ. ಅವರಿಗೆ ಆಡುವ ಹಕ್ಕೂ ಇತ್ತು, ಆಡದಿರುವ ಹಕ್ಕೂ ಇತ್ತು.

'ಗ್ರೀಸ್ ಲೈವ್'ನ ಹಿಂದಿನ ರಾತ್ರಿ ನಟಿ ವನೆಸ್ಸಾ ಹಜೆನ್ಸ್ ಅವರ ತಂದೆ ಕ್ಯಾನ್ಸರ್‌ನಿಂದ ತೀರಿಕೊಂಡರು. ಮರುದಿನ ಆಕೆ ಬಂದು, ಈ ಆಟ ಅಪ್ಪನಿಗೆ ಎಂದು ಹೇಳಿ, ಪೂರ್ತಿ ಆಡಿದರು. ಜಗತ್ತು ಹೊಗಳಿತು. ನಾವೂ ಕೈ ಮುಗಿಯುತ್ತೇವೆ. ಆದರೆ ಹೊಗಳುವವರು ಒಂದು ವಿಷಯ ಮರೆಯಬಾರದು. ಸೂತಕದ ಮನೆಯಿಂದ ಎದ್ದು ಬರುವುದು ನಟಿಯ ತೀರ್ಮಾನ ಆಗಿರಬೇಕು. ಪಾತ್ರ ಕಲಿತ ಇನ್ನೊಬ್ಬರು ನೇಪಥ್ಯದಲ್ಲಿ ನಿಂತಿದ್ದಾಗಲೇ ಅದು ನಿಜವಾದ ತೀರ್ಮಾನ. ಇಲ್ಲದಿದ್ದರೆ ನಾವು ಹೊಗಳುವುದು ಧೈರ್ಯವನ್ನಲ್ಲ, ಬೇರೆ ದಾರಿ ಇಲ್ಲದ್ದನ್ನು.

ಅಮೆರಿಕದ ಮಾತು ನಮಗೇಕೆ?

ಏಕೆಂದರೆ ಇವತ್ತು ಪ್ರತಿ ಊರಲ್ಲೂ ಒಂದು ಚಾನೆಲ್ ಇದೆ. ಕಿಸೆಯಲ್ಲಿರುವ ಫೋನೇ ಚಾನೆಲ್. ಜಾತ್ರೆಯ ನಾಟಕ, ಬಯಲಾಟ, ಯಕ್ಷಗಾನ, ಭಜನೆ, ಎಲ್ಲವೂ ಲೈವ್. ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋದವರು, ಪುಣೆ, ಗೋವಾ, ದುಬೈಯಲ್ಲಿ ಇರುವವರು ಊರಿನ ಆಟವನ್ನು ಅಲ್ಲೇ ಕೂತು ನೋಡುತ್ತಾರೆ. ಇದು ಒಳ್ಳೆಯದು. ಲೈವ್ ನಿಲ್ಲಿಸಿ ಎಂದು ನಾವು ಹೇಳುತ್ತಿಲ್ಲ.

ಆದರೆ ನಮ್ಮ ಹವ್ಯಾಸಿ ಪಾತ್ರಧಾರಿಯ ಸ್ಥಿತಿ ಆ ಟಿವಿ ನಟರ ಸ್ಥಿತಿಗೆ ಬಹಳ ಹತ್ತಿರ ಎಂಬುದನ್ನು ನೋಡಿ. ಅವರಿಗೂ ಒಂದೇ ರಾತ್ರಿ. ಎರಡು ತಿಂಗಳು ಹೊಲದ ಕೆಲಸ ಮುಗಿಸಿ ಬಂದು, ಗುಡಿಯ ಕಟ್ಟೆಯ ಮೇಲೆ, ಶಾಲೆಯ ಪಡಸಾಲೆಯಲ್ಲಿ ತಾಲೀಮು. ಪೇಟಿ ಮಾಸ್ತರರಿಗೆ, ಹೊರಗಿನಿಂದ ಬರುವ ಸ್ತ್ರೀ ಪಾತ್ರಧಾರಿಗಳಿಗೆ, ಸೀನರಿಯವರಿಗೆ ತಾವೇ ಪಟ್ಟಿ ಹಾಕಿ ದುಡ್ಡು ಕೂಡಿಸುತ್ತಾರೆ. ಅಂದರೆ ಸಂಬಳ ಪಡೆದು ಆಡುವವರಲ್ಲ, ಕೈಯಿಂದ ಹಾಕಿ ಆಡುವವರು.

ಅವರಿಗೆ ಇದ್ದದ್ದು ರಂಗ ಕೊಟ್ಟ ರಕ್ಷಣೆ. ಮಾತು ಮರೆತರೆ ಸೈಡ್ ವಿಂಗಿನಲ್ಲಿ ಪುಸ್ತಕ ಹಿಡಿದವರು ಹೇಳಿಕೊಡುತ್ತಾರೆ. ಸ್ವರ ತಪ್ಪಿದರೆ ಪೇಟಿ ಮಾಸ್ತರರು ಹಾಡುವವರ ಹಿಂದೆ ಹೋಗಿ ಹಿಡಿಯುತ್ತಾರೆ. ಮುಂದೆ ಕೂತವರು ಊರಿನವರೇ. ಅವರು ನಗುತ್ತಾರೆ, ಕೂಗುತ್ತಾರೆ. ಬೆಳಗಾದರೆ ಅದೇ ಜನ ಚಹಾದಂಗಡಿಯಲ್ಲಿ 'ಛಲೋ ಮಾಡಿದ್ರಿ' ಎನ್ನುತ್ತಾರೆ. ತಪ್ಪು ರಾತ್ರಿಯ ಜತೆ ಮುಗಿಯುತ್ತದೆ.

ನಾವು ಲೈವ್ ಮಾಡುವವರು ಬಂದು ಈ ರಕ್ಷಣೆ ತೆಗೆದೆವು. ಮೈಕು ಬದಲಿಸಿದೆವು. ಕ್ಯಾಮೆರಾಕ್ಕೆ ಅಡ್ಡ ಎಂದು ಪುಸ್ತಕ ಹಿಡಿದವರನ್ನು ಹಿಂದೆ ಸರಿಸಿದೆವು. ತಪ್ಪಿಗೆ ಸಾವು ಇಲ್ಲದಂತೆ ಮಾಡಿದೆವು. ಪ್ರತಿಯಾಗಿ ಅವರಿಗೆ ಕೊಟ್ಟದ್ದೇನು? ಪೇಜಿಗೆ ಬಂದ ಫಾಲೋವರ್‌ಗಳು ನಮಗೆ. ಬ್ಯಾನರಿನ ಜಾಹೀರಾತು ದುಡ್ಡು ನಮಗೆ. ಕತ್ತೆಯ ಕೂಗು ಅವರಿಗೆ.

ಎದುರು ಬರುವ ಮಾತುಗಳು

"ಪುಕ್ಕಟೆ ಪ್ರಚಾರ ಸಿಗುತ್ತದಲ್ಲ" ಎನ್ನುತ್ತಾರೆ. ಯಾರಿಗೆ? ಕಾಕಾ ಸಿನಿಮಾಕ್ಕೆ ಹೊರಟವರಲ್ಲ. ಅವರಿಗೆ ಬೇಕಾದದ್ದು ಜಾತ್ರೆಯ ಒಂದು ರಾತ್ರಿ, ಊರಿನ ಮುಂದೆ ಒಂದು ಹಾಡು.

"ಲೈವ್ ಎಂದಮೇಲೆ ತಪ್ಪು ಸಹಜ" ಎನ್ನುತ್ತಾರೆ. ಒಪ್ಪಿದೆವು. ಬ್ಯಾಟರಿ ಮುಗಿದದ್ದು ಸಹಜ. ಬದಲಿ ಬ್ಯಾಟರಿ ಇಲ್ಲದ್ದು ಸಹಜವಲ್ಲ, ಅದು ಬೇಜವಾಬ್ದಾರಿ. ಕಾಲು ಮುರಿಯುವುದು ಸಹಜ. ಬದಲಿ ನಟನಿಲ್ಲದ್ದು ಸಹಜವಲ್ಲ.

"ನಗುವುದಕ್ಕೂ ಅನುಮತಿ ಬೇಕೇ?" ಎನ್ನುತ್ತಾರೆ. ನಾಟಕಕ್ಕೆ ಬಂದು, ಪೂರ್ತಿ ನೋಡಿ, ಎದುರಿಗೆ ನಗಿ. ಅದು ನಾಟಕದ ಭಾಗ. ಮೂರು ತಾಸಿನ ಆಟದಲ್ಲಿ 12 ಸೆಕೆಂಡು ಕತ್ತರಿಸಿ, ನೋಡದವರಿಗೆ ಕಳಿಸಿ ನಗಿಸುವುದು ಬೇರೆ. ಅದನ್ನು ಮಾಡುವವನಿಗೆ ನಾಟಕವೂ ಬೇಡ, ಹಾಡೂ ಬೇಡ, ಒಬ್ಬ ಮನುಷ್ಯ ಜಾರಿದ ಗಳಿಗೆ ಬೇಕು.

ಈ ವರ್ಷದಿಂದ

ಈ ಜಾತ್ರೆಯಿಂದ ನಮ್ಮ ಪೇಜಿನವರು ಕೆಲವು ಮಾತಿಗೆ ಕಟ್ಟುಬಿದ್ದಿದ್ದೇವೆ. ಬೇರೆ ಊರಿನ ಪೇಜಿನವರೂ, ಕೇಬಲ್‌ನವರೂ ಇದನ್ನೇ ಮಾಡಲಿ ಎಂದು ಕೇಳುತ್ತೇವೆ. ಕಮಿಟಿಯವರು ಇದನ್ನು ಒಪ್ಪದವರಿಗೆ ವೇದಿಕೆಯ ಹತ್ತಿರ ಜಾಗ ಕೊಡಬೇಡಿ.

ಒಂದು, ಕಮಿಟಿಯನ್ನಲ್ಲ, ಪಾತ್ರಧಾರಿಗಳನ್ನು ಕೇಳಬೇಕು. ಒಬ್ಬರು ಬೇಡ ಎಂದರೂ ಲೈವ್ ಬೇಡ.

ಎರಡು, ಕ್ಯಾಮೆರಾ ಮೊದಲ ಸಲ ಬರುವುದು ಜಾತ್ರೆಯ ರಾತ್ರಿ ಅಲ್ಲ. ಕಡಿಮೆಯೆಂದರೆ ಎರಡು ತಾಲೀಮಿಗೆ ಮೈಕು, ಕ್ಯಾಮೆರಾ ಸಮೇತ ಹೋಗಬೇಕು. 1957ರಲ್ಲಿ ಅವರು ಮಾಡಿದ್ದನ್ನು ನಾವು ಇವತ್ತು ಮಾಡಬಹುದು, ಖರ್ಚಿಲ್ಲ.

ಮೂರು, ಇಳಿಬಿಟ್ಟ ಹಳೆಯ ಮೈಕು ಇರಲಿ. ಕ್ಯಾಮೆರಾಕ್ಕೆ ಅಡ್ಡ ಬಂದರೆ ಬರಲಿ. ಪುಸ್ತಕ ಹಿಡಿದವರು ತಮ್ಮ ಜಾಗದಲ್ಲೇ ನಿಲ್ಲಲಿ. ಒನ್ಸ್ ಮೋರ್ ಬಂದರೆ ಹಾಡು ನಡೆಯಲಿ, ಜಾಹೀರಾತು ಕಾಯಲಿ.

ನಾಲ್ಕು, ಬದಲಿ ಬ್ಯಾಟರಿ, ಬದಲಿ ಮೈಕು ನಮ್ಮ ಖರ್ಚು. ಜಾಹೀರಾತಿನಿಂದ ಬಂದ ದುಡ್ಡಿನಲ್ಲಿ ಅರ್ಧ ನಾಟಕದ ತಂಡಕ್ಕೆ. ಲೆಕ್ಕ ಗುಡಿಯ ಬೋರ್ಡಿಗೆ ಹಚ್ಚುತ್ತೇವೆ.

ಐದು, ರೆಕಾರ್ಡಿಂಗ್ ಆದರೆ ರೆಕಾರ್ಡಿಂಗ್ ಎಂದೇ ಬರೆಯುತ್ತೇವೆ. ಆಟ ಮುಗಿದ ಮೇಲೆ ವಿಡಿಯೋ ಪೇಜಿನಲ್ಲಿ ಉಳಿಯಬೇಕೋ ಬೇಡವೋ ಎಂಬುದು ಆಡಿದವರ ತೀರ್ಮಾನ.

ಇದನ್ನೆಲ್ಲ ಬರೆದ ಹಾಳೆ ತೆಗೆದುಕೊಂಡು ಹೋದ ವಾರ ಮತ್ತೆ ಕಾಕಾ ಮನೆಗೆ ಹೋದೆವು. ಓದಿ ಹೇಳಿದೆವು. ಈ ವರ್ಷ ಬಣ್ಣ ಹಚ್ಚುವುದಿಲ್ಲ ಎಂದು ಅವರು ಮೊದಲೇ ಕಮಿಟಿಗೆ ತಿಳಿಸಿದ್ದರು. ಅದನ್ನು ಬದಲಿಸುತ್ತೇನೆ ಎನ್ನಲಿಲ್ಲ. "ತಾಲೀಮಿಗೆ ಬಂದು ಕುಂದರತೇನಿ, ಹುಡುಗರಿಗೆ ಹಾಡು ಹೇಳಿಕೊಡ್ತೇನಿ" ಎಂದರು. ಅಷ್ಟೇ.

ಅವರ ಜಾಗಕ್ಕೆ ಈ ಸಲ ಇಪ್ಪತ್ತೆರಡರ ಹುಡುಗನೊಬ್ಬ ನಿಲ್ಲುತ್ತಿದ್ದಾನೆ. ಹಾಡು ಚೆನ್ನಾಗಿದೆ, ಅಂಜಿಕೆ ಬಹಳ. ಮೊನ್ನೆ ತಾಲೀಮಿನಲ್ಲಿ ಅವನು ನಮ್ಮನ್ನು ಕೇಳಿದ ಮೊದಲ ಪ್ರಶ್ನೆ: "ಅಣ್ಣಾ, ನಂದೂ ಹಂಗ ಕಟ್ ಮಾಡಿ ಬಿಡ್ತಾರೇನು?"

ಉತ್ತರ ನಮ್ಮೊಬ್ಬರ ಕೈಯಲ್ಲಿಲ್ಲ, ಇದನ್ನು ಓದುತ್ತಿರುವ ನಿಮ್ಮ ಕೈಯಲ್ಲೂ ಇದೆ. ಕಾಕಾ ಅವರ ಆ 12 ಸೆಕೆಂಡು ನಿಮ್ಮ ಫೋನಿನಲ್ಲಿ ಇನ್ನೂ ಇದ್ದರೆ ಈಗಲೇ ಅಳಿಸಿ. ಗ್ರೂಪಿನಲ್ಲಿ ಮತ್ತೆ ಬಂದರೆ, ಕಳಿಸಿದವರಿಗೆ ಆ ಹಾಡು ಮುಗಿದಾಗ ಚಪ್ಪಾಳೆ ಬಿದ್ದಿತ್ತು ಎಂದು ತಿಳಿಸಿ.